ಚಂದ್ರಚೂಡೇಶ್ವರನ ಬೆಟ್ಟದಲ್ಲಿ ಒಂದು ಕಾರ್ತಿಕ ಸೋಮವಾರ

ತಮಿಳುನಾಡಿನ ಹೊಸೂರಿನಲ್ಲಿ ಬಸ್ಸಿಳಿದವರು ಬೆಟ್ಟದ ದಾರಿ ಕೇಳಬೇಕಾಗಿಲ್ಲ. ಕತ್ತೆತ್ತಿದರೆ ಗೋಪುರ ಕಾಣುತ್ತದೆ. ಬೆಟ್ಟದ ಬುಡದಲ್ಲಿ ತೇರುಪೇಟೆ, ಅಲ್ಲೇ ಪಚ್ಚೈಕುಳಂ ಎಂಬ ಕೊಳ. ಮೇಲೆ ಚಂದ್ರಚೂಡೇಶ್ವರ, ಜೊತೆಗೆ ಮರಕತಾಂಬಿಕೆ. ವಾಹನ ಹೋಗುವ ರಸ್ತೆಯೂ ಇದೆ, ಮೆಟ್ಟಿಲೂ ಇವೆ. ಕಾರ್ತಿಕ ಸೋಮವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಮೆಟ್ಟಿಲ ದಾರಿಯಲ್ಲಿ ನಿಂತು ನೋಡಿ, ಹತ್ತುವವರಲ್ಲಿ ಹೆಚ್ಚಿನವರು ನನ್ನಂಥ ಮನೆವಾರ್ತೆಯ ಹೆಂಗಸರೇ. ಅಷ್ಟು ಹೊತ್ತಿಗೆ ಅವರ ಅರ್ಧ ದಿನದ ಕೆಲಸ ಮುಗಿದಿರುತ್ತದೆ. ಫಸ್ಟ್ ಶಿಫ್ಟಿನ ಗಂಡನಿಗೆ ಡಬ್ಬಿ ಕಟ್ಟಿ, ಮಕ್ಕಳ ಜಡೆ ಹೆಣೆದು, ಶಾಲೆಗೆ ಕಳಿಸಿ, ಹಿರಿಯರ ಮಾತ್ರೆ ಎತ್ತಿಟ್ಟು, ಒಲೆ ಒರೆಸಿ ಬಂದವರು.

ನಾನು ಆನೇಕಲ್ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು, ಇಬ್ಬರು ಮಕ್ಕಳ ತಾಯಿ. ಹೊರಗೆ ಕೆಲಸಕ್ಕೆ ಹೋದವಳಲ್ಲ. ಈ ಬೆಟ್ಟವನ್ನು ನನಗೆ ಮೊದಲು ತೋರಿಸಿದವರು ನಮ್ಮತ್ತೆ.

ಕೆಳಗೆ ಹೂವಿನವರ ಸಾಲು. ಸುತ್ತಮುತ್ತಲ ಹಳ್ಳಿಗಳೆಲ್ಲ ಹೂವು ಬೆಳೆಯುವವು. ಪ್ಲಾಸ್ಟಿಕ್ ಹೊದಿಕೆಯ ಮನೆಗಳಲ್ಲಿ ಬೆಳೆದ ಗುಲಾಬಿ ಪರದೇಶಕ್ಕೆ ಹೋಗುತ್ತದೆ, ಸೇವಂತಿಗೆ, ಚೆಂಡುಹೂವು, ಕನಕಾಂಬರ ನಮ್ಮ ಮೊಳದ ಅಳತೆಗೆ ಸಿಗುತ್ತವೆ. ಹೂವಿನಮ್ಮ ನನ್ನ ಹತ್ತಿರ ಕನ್ನಡ ಆಡುತ್ತಾಳೆ, ಪಕ್ಕದಲ್ಲಿ ನಿಂತವಳ ಹತ್ತಿರ ತೆಲುಗು, ಚಿಲ್ಲರೆಗೆ ಬಂದ ಹುಡುಗನನ್ನು ಗದರಿಸುವಾಗ ತಮಿಳು. ಯಾವುದಕ್ಕೂ ತಡವರಿಸುವುದಿಲ್ಲ. “ತಗೋ ಅಕ್ಕಾ, ಅಮ್ಮನೋರಿಗೆ ಅಂತ ಗೇಣು ಜಾಸ್ತಿ ಹಾಕಿವ್ನಿ” ಎಂದು ಮೊಳದ ಮೇಲೆ ಗೇಣು ಸೇರಿಸಿ ಕತ್ತರಿಸಿದಳು. ಆ ಗೇಣಿಗೆ ಕಾಸು ಕೇಳಲಿಲ್ಲ.

ಮೆಟ್ಟಿಲು ಹತ್ತುವಾಗ ಕಿವಿಗೆ ಬೀಳುವ ಮಾತೆಲ್ಲ ಹರಕೆಯದು. ಮಗಳಿಗೆ ಗಂಡು ಒದಗಿದ್ದಕ್ಕೆ, ಗಂಡ ಕುಡಿತ ಬಿಟ್ಟದ್ದಕ್ಕೆ, ಮೊಮ್ಮಗು ನಡೆಯಲು ಕಲಿತದ್ದಕ್ಕೆ. ನನ್ನದೂ ಒಂದಿತ್ತು. ಮಗನಿಗೆ ಡೆಂಗಿಯಾಗಿ ರಕ್ತದ ಕಣ ಇಳಿದುಹೋದಾಗ ಅಮ್ಮನವರಿಗೆ ಐದು ಸೋಮವಾರ ದೀಪ ಹಚ್ಚುತ್ತೇನೆಂದು ಕಟ್ಟಿಕೊಂಡ ಹರಕೆ.

ಮೇಲೆ ಪ್ರಾಕಾರದಲ್ಲಿ ಗಾಳಿ ಜೋರು. ಒಂದು ಕಡೆ ರಾಮನಾಯಕನ ಕೆರೆ, ಇನ್ನೊಂದು ಕಡೆ ಬೆಂಗಳೂರು–ಕೃಷ್ಣಗಿರಿ ಹೆದ್ದಾರಿ, ಅದರಾಚೆ ಸಿಪ್ಕಾಟ್ ಕಾರ್ಖಾನೆಗಳ ತಗಡಿನ ಸೂರು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದಮೇಲೆ ರಾಗಿ ಬೆಳೆಯುತ್ತಿದ್ದ ಈ ಊರು ಶಿಫ್ಟಿನ ಊರಾಯಿತು, 2019ರಲ್ಲಿ ಮಹಾನಗರಪಾಲಿಕೆಯೂ ಆಯಿತು. ಈಗ ಕೆಲಮಂಗಲದ ಕಡೆ ಟಾಟಾ ಎಲೆಕ್ಟ್ರಾನಿಕ್ಸ್‌ನಲ್ಲಿ ಮೊಬೈಲಿನ ಭಾಗ ಜೋಡಿಸುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅವರನ್ನು ಕರೆದೊಯ್ಯುವ ಬಸ್ಸುಗಳು ಹೋಗುವುದನ್ನು ನೋಡುವುದು ನನಗೆ ಹೆಮ್ಮೆ. ಅವರಲ್ಲಿ ಮದುವೆಯಾಗಿ ಮಗುವಾದವರು ಕೆಲಸಕ್ಕೆ ಹೋಗಬೇಕಾದರೆ ಹಿಂದೆ ಒಬ್ಬ ಅಮ್ಮನೋ ಅತ್ತೆಯೋ ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತಿರುತ್ತಾಳೆ. ಅವಳ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

ಸ್ಥಳಪುರಾಣ ಇಲ್ಲಿ ದಾಂಪತ್ಯದ ಕತೆ. ಶಿವ ಉಡವಾಗಿ ಬಂದನಂತೆ, ಪಾರ್ವತಿ ಅದರ ಬೆನ್ನು ಹತ್ತಿ ಬಂದಳಂತೆ, ಮುಟ್ಟಿದೊಡನೆ ಅವಳ ಮೈಯೆಲ್ಲ ಮರಕತದ ಹಸಿರಾಯಿತಂತೆ. ಫಾಲ್ಗುಣದ ಹುಣ್ಣಿಮೆಯ ಸುಮಾರಿಗೆ ತೇರು. ಅಯ್ಯನವರಿಗೊಂದು, ಅಮ್ಮನವರಿಗೆ ಬೇರೆಯೇ ಒಂದು. ಕರ್ನಾಟಕ, ಆಂಧ್ರದಿಂದಲೂ ಜನ ಬರುತ್ತಾರೆ. ಅಮ್ಮನವರ ತೇರಿನ ಮಿಣಿಗೆ ಕೈ ಹಾಕುವ ಹೆಂಗಸರ ಮುಖ ನೋಡಬೇಕು. ವರ್ಷವಿಡೀ ಯಾವುದಕ್ಕೂ ಮುಂದೆ ಬಾರದವರು ಅಂದು ಜನರನ್ನು ಸರಿಸಿಕೊಂಡು ಮುಂದೆ ಬರುತ್ತಾರೆ.

ನಾನು ತಂದದ್ದು ತಂಬಿಟ್ಟಿನ ದೀಪ. ಮಾಡುವುದು ಕಲಿಸಿದವರು ಅತ್ತೆ. ಅಕ್ಕಿ ನೆನೆಸಿ, ಬಸಿದು, ಬಟ್ಟೆಯ ಮೇಲೆ ನೆರಳಲ್ಲಿ ಹರವಬೇಕು. ಪೂರ್ತಿ ಒಣಗಬಾರದು, ಬೆರಳಿಗೆ ಇನ್ನೂ ತೇವ ಹತ್ತುತ್ತಿರುವಾಗಲೇ ಕುಟ್ಟಿ ಜರಡಿ ಹಿಡಿಯಬೇಕು. ತಡವಾದರೆ ಉಂಡೆ ನಿಲ್ಲುವುದಿಲ್ಲ. ಬೆಲ್ಲದ ಪುಡಿ, ಏಲಕ್ಕಿ ಕಲಸಿ, ಅಂಗೈಯಲ್ಲಿ ಒತ್ತಿ, ನಡುವೆ ಹೆಬ್ಬೆರಳಿಂದ ಗುಳಿ ಮಾಡಿ ತುಪ್ಪ ಸುರಿದು ಬತ್ತಿ ಇಟ್ಟರೆ ದೀಪ. ತುಪ್ಪ ಇಳಿದ ಕಡೆ ಹಿಟ್ಟು ಕಂದುಬಣ್ಣಕ್ಕೆ ತಿರುಗುತ್ತದೆ. ಆ ಭಾಗಕ್ಕೇ ಮನೆಯಲ್ಲಿ ಜಗಳ. ಮೊದಲ ಸಲ ನಾನು ಬೆಲ್ಲ ಅಳೆಯುವುದನ್ನು ನೋಡಿ ಅತ್ತೆ ಹೇಳಿದ್ದರು: “ದೇವ್ರ ಮುಂದೆ ಇಡೋದು ಒಂದ್ ಗಳಿಗೆ ಕಣಮ್ಮ, ಆಮೇಲೆ ತಿನ್ನೋರು ಮನೆಯೋರೇ. ಕೈ ಬಿಗಿ ಮಾಡಬ್ಯಾಡ.”

ಮಗನ ಜ್ವರದ ಆ ದಿನಗಳಲ್ಲಿ ರಾತ್ರಿಯೆಲ್ಲ ಒದ್ದೆ ಬಟ್ಟೆ ಇಟ್ಟವರು ಇದೇ ಅತ್ತೆ, ಮಂಡಿನೋವಿನಲ್ಲಿ ನೆಲದ ಮೇಲೆ ಕೂತು. ಎರಡು ಹೊತ್ತೂ ಗಂಜಿ ತಂದುಕೊಟ್ಟವರು ಪಕ್ಕದ ಮನೆಯ ತಮಿಳಿನ ಅಕ್ಕ. ಮಗಳ ಜಡೆ ಹೆಣೆಯಲು ಕಲಿತವರು ನಮ್ಮ ಯಜಮಾನರು. ದೇವರಿಗೆ ಕೊಡಬೇಕಾದ್ದಕ್ಕೆ ವಾರ, ತಿಥಿ, ಲೆಕ್ಕ ಎಲ್ಲ ಇಟ್ಟುಕೊಳ್ಳುತ್ತೇವೆ, ತಪ್ಪಿದರೆ ಹೆದರುತ್ತೇವೆ. ಇವರಿಗೆ ಸಲ್ಲಬೇಕಾದ್ದಕ್ಕೆ ವಾರವೂ ಇಲ್ಲ, ಹೆದರಿಕೆಯೂ ಇಲ್ಲ. ಐದನೆಯ ಸೋಮವಾರ ಅಮ್ಮನವರ ಮುಂದೆ ನಿಂತಾಗ ನನ್ನ ಮನಸ್ಸಿನಲ್ಲಿ ಸುತ್ತುತ್ತಿದ್ದದ್ದು ಇದೊಂದೇ. ದೇವಿ ಕಾಪಾಡಿದಳು ಎಂದು ನಾನು ನಂಬುತ್ತೇನೆ, ಪೂರ್ಣ ಮನಸ್ಸಿನಿಂದ ನಂಬುತ್ತೇನೆ. ಕಾಪಾಡುವಾಗ ಅವಳು ಬಳಸಿಕೊಂಡ ಕೈಗಳು ಇವು. ಆ ಕೈಗಳಿಗೆ ಸಲ್ಲಿಸದೆ ಇಲ್ಲಿ ಮಾತ್ರ ಸಲ್ಲಿಸಿದರೆ ಹರಕೆ ಅರ್ಧವೇ ತೀರಿದ ಹಾಗೆ.

ಸರ್ಕಾರಗಳಿಗೂ ಈಚೆಗೆ ಈ ಕೈಗಳು ಕಂಡಿವೆ. 2023ರ ಸೆಪ್ಟೆಂಬರ್ 15ರಿಂದ ತಮಿಳುನಾಡು ಅರ್ಹ ಕುಟುಂಬಗಳ ಗೃಹಿಣಿಯರಿಗೆ ತಿಂಗಳಿಗೆ 1,000 ರೂಪಾಯಿ ‘ಮಗಳಿರ್ ಉರಿಮೈ ತೊಗೈ’ ಕೊಡಲು ಶುರುಮಾಡಿತು. ಅದಕ್ಕೆ ಎರಡು ವಾರ ಮುಂಚೆ ಕರ್ನಾಟಕದ ಗೃಹಲಕ್ಷ್ಮಿ ಬಂದಿತ್ತು, 2,000 ರೂಪಾಯಿ. ಅತ್ತಿಬೆಲೆಯ ಆಚೆಯ ತವರಿಗೂ ಈಚೆಯ ನಮಗೂ ಫೋನಿನಲ್ಲಿ ಈ ಸಾವಿರದ ವ್ಯತ್ಯಾಸದ ಮಾತು ಆಗಾಗ ಬರುತ್ತದೆ. ತಮಿಳುನಾಡಿನವರು ‘ಉರಿಮೈ’ ಎಂದರೆ ಹಕ್ಕು ಎಂದು ಕರೆದದ್ದು ನನಗೆ ಹಿಡಿಸಿತು. 2024ರ ಕೇಂದ್ರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ದುಡಿಯುತ್ತಾರೆ, ಗಂಡಸರು 88. ಈ ನಿಮಿಷಗಳನ್ನು ಯಾರೋ ಕೂತು ಎಣಿಸಿದರಲ್ಲ, ಅದಕ್ಕೂ ನನ್ನದೊಂದು ನಮಸ್ಕಾರ.

ಮನೆಯೊಳಗಿನ ಹೆಂಗಸರ ಋಣ ಇಲ್ಲಿಯ ಕನ್ನಡದ ಮೇಲೂ ಇದೆ. 1956ರ ವಿಂಗಡಣೆಯಲ್ಲಿ ಹೊಸೂರು, ತಳಿ, ಡೆಂಕಣಿಕೋಟೆಯ ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. ಕನ್ನಡ ಶಾಲೆಗಳು ಇವೆ, ಆದರೆ 2006ರ ಕಾಯ್ದೆಯಿಂದ ತಮಿಳು ಕಡ್ಡಾಯವಾದ ಮೇಲೆ ಅಲ್ಲಿಗೆ ಮಕ್ಕಳನ್ನು ಸೇರಿಸಲು ತಂದೆತಾಯಿ ಯೋಚಿಸುತ್ತಾರೆ. ಕನ್ನಡದ ಅಕ್ಷರ ಬಾರದ ಮಕ್ಕಳ ಬಾಯಲ್ಲೂ ಕನ್ನಡ ಇನ್ನೂ ಇದ್ದರೆ ಅದು ಮುದ್ದೆ ತಿರುವುತ್ತಾ ಕತೆ ಹೇಳಿದ ಅಜ್ಜಿಯರಿಂದ. ನನ್ನ ಮಕ್ಕಳು ಶಾಲೆಯಲ್ಲಿ ತಮಿಳು ಕಲಿಯುತ್ತಾರೆ, ಚೆನ್ನಾಗಿ ಕಲಿಯಲಿ. ರಾತ್ರಿ ದೇವರ ಮುಂದೆ ಕೂತಾಗ ಕನ್ನಡ.

ಬೆಟ್ಟ ಇಳಿದವರು ಹೊತ್ತಿದ್ದರೆ ತೊರಪಳ್ಳಿಗೆ ಹೋಗಿ ಬರಬಹುದು. ರಾಜಾಜಿ 1878ರ ಡಿಸೆಂಬರ್ 10ರಂದು ಹುಟ್ಟಿದ ಹಳ್ಳಿ ಅದು, ಅವರ ಮನೆ ಈಗ ಸ್ಮಾರಕ. ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದ ಮಗನ ಬಗ್ಗೆ ಪುಸ್ತಕಗಳ ರಾಶಿಯೇ ಇದೆ. ಹೆತ್ತ ತಾಯಿ ಸಿಂಗಾರಮ್ಮನ ಬಗ್ಗೆ ನನಗೆ ಓದಲು ಸಿಕ್ಕಿದ್ದು ಹೆಸರು ಮಾತ್ರ. ಹೋದವರು ಆ ಹೆಸರನ್ನೂ ಒಮ್ಮೆ ಹೇಳಿ ಬನ್ನಿ.

ಬೆಂಗಳೂರಿನಿಂದ ಹೊಸೂರಿಗೆ ಸುಮಾರು 40 ಕಿಲೋಮೀಟರ್. ಬಸ್ಸು ಬೇಕಾದಷ್ಟು, ರೈಲೂ ಉಂಟು. ಬಿಸಿಲೇರುವ ಮುಂಚೆ ಬೆಟ್ಟ ಹತ್ತುವುದು ಒಳ್ಳೆಯದು, ಮಂಡಿನೋವಿನವರಿಗೆ ಆಟೋ ಮೇಲಿನವರೆಗೂ ಹೋಗುತ್ತದೆ. ಬರುವಾಗ ಮನೆಯಲ್ಲಿ ಅಡುಗೆ ಮಾಡುವವರನ್ನು ಜೊತೆಯಲ್ಲೇ ಕರೆದುಕೊಂಡು ಬನ್ನಿ. ಬುತ್ತಿ ಕಟ್ಟಿಸಬೇಡಿ, ಊಟ ಕೆಳಗೆ ಪೇಟೆಯ ಹೋಟೆಲಿನಲ್ಲಿ ಮಾಡಿ.