ಬೀಗದ ಕೈ ಯಾರ ಹತ್ತಿರ?

ಶಾಲೆಯಲ್ಲಿ ಗ್ರಂಥಾಲಯ ಸಂಘ ಕಟ್ಟುವುದು ಸುಲಭ. ಒಬ್ಬ ಅಧ್ಯಕ್ಷ, ಒಬ್ಬಳು ಕಾರ್ಯದರ್ಶಿ, ಉದ್ಘಾಟನೆ, ಗ್ರೂಪ್ ಫೋಟೋ. ಆಗಸ್ಟ್ 12ರ ಗ್ರಂಥಪಾಲಕರ ದಿನಕ್ಕೆ ಒಂದು ಭಾಷಣ, ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹಕ್ಕೆ ಒಂದು ರಸಪ್ರಶ್ನೆ. ಇಷ್ಟೆಲ್ಲ ಆದರೂ ಪುಸ್ತಕದ ಬೀರು ಹೆಡ್‌ಮಾಸ್ಟರ ಕೋಣೆಯಲ್ಲಿ ಬೀಗ ಹಾಕಿಕೊಂಡು ನಿಂತೇ ಇರುವುದುಂಟು. ಹಾಗಿದ್ದರೆ ಆ ಶಾಲೆಯಲ್ಲಿ ಸಂಘ ಇನ್ನೂ ಹುಟ್ಟಿಲ್ಲ ಎಂದೇ ಲೆಕ್ಕ.

ಬೀಗ ಹಾಕುವ ಮೇಷ್ಟ್ರನ್ನು ಬೈದು ಉಪಯೋಗವಿಲ್ಲ. ಪುಸ್ತಕ ಕಳೆದರೆ ಚಾರ್ಜಿನಲ್ಲಿರುವವರ ಸಂಬಳದಿಂದ ವಸೂಲಿಯಾದೀತು ಎಂಬ ಭಯ ಅವರದು. ಆದರೆ ಸರ್ಕಾರವೇ ಪುಸ್ತಕ ಕಳೆಯುವುದಕ್ಕೆ ಒಂದಿಷ್ಟು ಜಾಗ ಬಿಟ್ಟಿದೆ ಎಂಬುದು ಎಷ್ಟೋ ಜನಕ್ಕೆ ತಿಳಿಯದು. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಾವಳಿಯ ಪ್ರಕಾರ, ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ ನಷ್ಟ. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದು, ಅಷ್ಟೆ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ, ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಗಮನಿಸಿ, ಲೆಕ್ಕ ಹಿಡಿಯುವುದು ಬೀರುವಿನಲ್ಲಿರುವ ಪುಸ್ತಕದ ಮೇಲಲ್ಲ, ಹೊರಗೆ ಹೋಗಿಬಂದ ಪುಸ್ತಕದ ಮೇಲೆ. ಕೊಟ್ಟಷ್ಟೂ ವಿನಾಯಿತಿ ಹೆಚ್ಚು! ಇದು ಕೇಂದ್ರದ ನಿಯಮ, ರಾಜ್ಯದ ಶಾಲೆಗಳಿಗೆ ತಾನಾಗಿ ಅನ್ವಯಿಸುವುದಿಲ್ಲ, ನಿಜ. ಆದರೂ ಇದನ್ನು ಮುಂದಿಟ್ಟು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಚರ್ಚಿಸಿ, ನಿರ್ಣಯವೊಂದನ್ನು ಬರೆಸಿಟ್ಟರೆ ಮೇಷ್ಟ್ರಿಗೆ ಧೈರ್ಯ ಬರುತ್ತದೆ.

ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಬರೆದಾಗ ಮೊದಲಿಗೆ ಎತ್ತಿದ್ದು ಇದೇ ಬೀಗದ ಕಾಯಿಲೆಯನ್ನು. ಹಿಂದೆ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿ ಹಾಕಿ ಕಟ್ಟಿಡುತ್ತಿದ್ದರು. ಪುಸ್ತಕ ಇರುವುದು ಬಳಸುವುದಕ್ಕೆ ಎಂಬ ಮೊದಲ ಸೂತ್ರ ಆ ಸರಪಳಿಗೆ ಕೊಟ್ಟ ಉತ್ತರ. ರಂಗನಾಥನ್ ಅವರ ಪಟ್ಟುಬಿಡದ ಪ್ರಯತ್ನದಿಂದ ಮದ್ರಾಸಿನಲ್ಲಿ 1948ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಮರುವರ್ಷವೇ ನಮ್ಮ ಸಂಡೂರು ಸಂಸ್ಥಾನ ವಿಲೀನಗೊಂಡು, ಆಗ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯೊಳಗೆ ಬಂತು. 1953ರಲ್ಲಿ ಜಿಲ್ಲೆ ಮೈಸೂರಿಗೆ ಸೇರಿತು. ಮೈಸೂರಿನ ಕಾಯ್ದೆ ಆದದ್ದು 1965ರಲ್ಲಿ. ಕಾನೂನಿನ ಬಾಗಿಲು ಹೀಗೆ ತೆರೆಯುತ್ತಾ ಬಂದರೂ ಶಾಲೆಯ ಬೀರುವಿನ ಬಾಗಿಲು ತೆರೆಯಬೇಕಾದವರು ಒಳಗಿನವರೇ.

ಸಂಡೂರು ತಾಲ್ಲೂಕಿನ ದೋಣಿಮಲೆಯ ಕೇಂದ್ರೀಯ ವಿದ್ಯಾಲಯದಂಥ ಕಡೆ ಗ್ರಂಥಪಾಲಕರ ಹುದ್ದೆಯೇ ಇರುತ್ತದೆ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಆ ಹುದ್ದೆ ಕಾಣುವುದು ಕಷ್ಟ, ಆದ್ದರಿಂದಲೇ ಅಲ್ಲಿ ಸಂಘದ ಅಗತ್ಯ ಹೆಚ್ಚು. ಎಂಟು, ಒಂಬತ್ತನೇ ತರಗತಿಯ ಮಕ್ಕಳು ಸಾಕು. ಹತ್ತರವರನ್ನು ಎಸ್‌ಎಸ್‌ಎಲ್‌ಸಿಗೆ ಬಿಟ್ಟುಬಿಡಿ. ದಿನಕ್ಕೆ ಇಬ್ಬರಂತೆ ಪಾಳಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅರ್ಧ ಗಂಟೆ. ರಿಜಿಸ್ಟರಿನಲ್ಲಿ ಪುಸ್ತಕದ ನಂಬರು, ಹೆಸರು, ಒಯ್ದ ದಿನ, ತಂದ ದಿನ. ಇದಕ್ಕಿಂತ ಹೆಚ್ಚು ಕಾಲಂ ಹಾಕಿದರೆ ಬರೆಯುವ ಮಗುವಿಗೂ ಬೇಸರ, ನಿಂತಿರುವ ಮಗುವಿಗೂ ಬೇಸರ. ದಂಡ ಬೇಡ. ದಂಡಕ್ಕೆ ಹೆದರಿದ ಮಗು ಪುಸ್ತಕವನ್ನೂ ತರುವುದಿಲ್ಲ, ತಾನೂ ಬರುವುದಿಲ್ಲ. ಗಣಿಯ ಕೆಂಪು ಧೂಳು ಬೀಳುವ ಊರುಗಳಲ್ಲಿ ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ, ಹಳೆ ಕ್ಯಾಲೆಂಡರಿನ ರಟ್ಟು ಹಾಕುವುದೂ ಸಂಘದ ಕೆಲಸವೇ. ಕಥೆ, ವಿಜ್ಞಾನ, ಜೀವನಚರಿತ್ರೆಗೆ ಒಂದೊಂದು ಬಣ್ಣದ ಪಟ್ಟಿ ಅಂಟಿಸಿದರೆ ವರ್ಗೀಕರಣ ಮುಗಿಯಿತು.

ಹೊಸ ಪುಸ್ತಕ ಕೊಳ್ಳುವಾಗ ಮಕ್ಕಳನ್ನು ಕೇಳಬೇಕು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತ ನೋಡಿ ಗ್ರಂಥಾಲಯಕ್ಕೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನದ ಅವಕಾಶವಿದೆ. ದೊಡ್ಡವರೇ ಪಟ್ಟಿ ಮಾಡಿದರೆ ನೀತಿಕಥೆಗಳೇ ತುಂಬಿಕೊಳ್ಳುತ್ತವೆ ಎಂಬ ಗುಮಾನಿ ನನಗಿದೆ.

ಸಂಘದ ಇನ್ನೊಂದು ಕೆಲಸಕ್ಕೆ ಸಂಡೂರಿನಷ್ಟು ಒಳ್ಳೆಯ ಜಾಗ ಸಿಗದು. ಇಲ್ಲಿ ತಾಂಡಾದಿಂದ ಬರುವ ಮಗುವಿನ ಮನೆಮಾತು ಲಂಬಾಣಿ. ಪಕ್ಕದ ಬೆಂಚಿನಲ್ಲಿ ಉರ್ದು, ತೆಲುಗು ಆಡುವವರೂ ಇರಬಹುದು. ಕನ್ನಡ ಪುಸ್ತಕ ಓದಲು ತಡವರಿಸುವ ಮಗುವಿಗೆ ದೊಡ್ಡ ತರಗತಿಯವರು ಗಟ್ಟಿಯಾಗಿ ಓದಿ ಹೇಳುವ ಏರ್ಪಾಟು ಬೇಕು. ಅದರ ಜೊತೆಗೆ, ಬೀರುವಿನಲ್ಲಿ ಇಲ್ಲದ ಪುಸ್ತಕವನ್ನು ಮಕ್ಕಳೇ ಬರೆಯಲಿ. ಉದಾಹರಣೆಗೆ, ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ ಸಂಡೂರು ಕುಶಲ ಕಲಾ ಕೇಂದ್ರಕ್ಕೆ ಸೇರಿದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಹಾಕಿದ ಕಸೂತಿಯ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಕಿಲನ್, ವೇಲೆ, ಮಾಕಿ ಎಂದು ಹೊಲಿಗೆಗಳ ಹೆಸರು ಹೇಳಬಲ್ಲ ಅಜ್ಜಿ ಮನೆಯಲ್ಲೇ ಇದ್ದಾಳು. ಮೊಮ್ಮಗಳು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಬಟ್ಟೆಯ ಚೂರು ಅಂಟಿಸಲಿ. ಆ ನೋಟ್‌ಬುಕ್ಕಿಗೂ ರಿಜಿಸ್ಟರಿನಲ್ಲಿ ನಂಬರು ಬೀಳಬೇಕು. ಅದನ್ನು ಓದಲು ಬೇರೆ ತರಗತಿಯವರು ಸರದಿ ನಿಂತರೆ ಆಶ್ಚರ್ಯವಿಲ್ಲ.

ಬೇಸಿಗೆ ರಜೆ ಸಂಘಗಳಿಗೆ ಗಂಡಾಂತರ. ಅಷ್ಟು ದಿನದ ಬಿಡುವಿನಲ್ಲಿ ರೂಢಿ ತಪ್ಪಿಹೋಗುತ್ತದೆ. ಅದಕ್ಕೂ ದಾರಿಯಿದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಸಿಗುತ್ತದೆ. ಪರೀಕ್ಷೆಗೆ ಮುಂಚೆಯೇ ಸಂಘದವರು ಅರಿವು ಕೇಂದ್ರ ಎಂದು ಈಗ ಕರೆಯುವ ಊರಿನ ಆ ಗ್ರಂಥಾಲಯಕ್ಕೆ ಹೋಗಿ ಎಲ್ಲರ ಹೆಸರು ಬರೆಸಿ ಬರಲಿ.