ಕೊಯಮತ್ತೂರು, ತಿರುಪುರದ ಹಳೆ ಹಂಚಿನ ಮಾಡು: ಹೊಸದು ಹಾಕುವ ತನಕ ಏನು ಮಾಡಬಹುದು?

ಕೊಯಮತ್ತೂರು, ತಿರುಪುರದ ಕಡೆ ವ್ಯಾಪಾರಕ್ಕೆಂದು ಹೋಗುವವರಿಗೆ ಕಡಿಮೆ ಬಾಡಿಗೆಗೆ ಸಿಗುವುದು ಹಳೆ ಹಂಚಿನ ಕಟ್ಟಡ, ಇಲ್ಲವೇ ಸಿಮೆಂಟ್ ಶೀಟಿನ ಗೋದಾಮು. ಒಳಗೆ ಬನಿಯನ್ ಬಟ್ಟೆಯ ಬಂಡಲ್ ಇಟ್ಟ ಮೇಲೆ ಒಂದು ರಾತ್ರಿ ಮಾಡು ಸೋರಿದರೆ ಸಾಕು, ತಿಂಗಳ ಲಾಭ ಹೋಯಿತು. ಮಾಡು ಪೂರ್ತಿ ಬದಲಿಸಲು ದುಡ್ಡು ಬೇಕು, ಮಾಲೀಕರ ಒಪ್ಪಿಗೆಯೂ ಬೇಕು. ಅಲ್ಲಿಯ ತನಕ ಒಂದು ಸೀಸನ್ ದಾಟಿಸಲು ತಾತ್ಕಾಲಿಕ ರಿಪೇರಿಯೇ ದಾರಿ.

ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಮಂಗಳೂರಿನಲ್ಲಿ ಮೇ ತಿಂಗಳಲ್ಲಿ ಹಂಚು ಸರಿ ಮಾಡಿದರೆ ಮಳೆಗಾಲಕ್ಕೆ ತಯಾರಿ ಮುಗಿಯಿತು. ಇಲ್ಲಿ ಹಾಗಲ್ಲ. ಜೂನ್‌ನಿಂದ ಆಗಸ್ಟ್ ತನಕ ಪಾಲಕ್ಕಾಡ್ ಕಣಿವೆಯ ಮೂಲಕ ಜೋರು ಗಾಳಿ ನುಗ್ಗುತ್ತದೆ. ‘ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ’ ಎಂಬ ಮಾತು ತಮಿಳರಲ್ಲಿದೆ. ಬಯಲು ಭಾಗಕ್ಕೆ ಮುಖ್ಯ ಮಳೆ ಬರುವುದು ಅಕ್ಟೋಬರ್ ನಂತರ, ಹಿಂಗಾರಿನಲ್ಲಿ. ಅಂದರೆ ಗಾಳಿ ಮೊದಲು ಹಂಚನ್ನು ಸಡಿಲ ಮಾಡುತ್ತದೆ, ಆಮೇಲೆ ಮಳೆ ಬರುತ್ತದೆ. ಆದ್ದರಿಂದ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಮಾಡು ನೋಡಲೇಬೇಕು. ವಾಲ್ಪಾರೈ ಕಡೆ ಮಾತ್ರ ಜೂನ್‌ನಲ್ಲೇ ಜೋರು ಮಳೆ.

ಸೋರುವ ಜಾಗ ಹುಡುಕುವುದು

ನೀರು ಬಿದ್ದ ಜಾಗದ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ. ನೀರು ಪಕ್ಕಾಸಿನ ಗುಂಟ ಇಳಿದು ದೂರದಲ್ಲಿ ತೊಟ್ಟಿಕ್ಕುತ್ತದೆ. ಹಗಲು ಹೊತ್ತು ಒಳಗೆ ಲೈಟ್ ಆರಿಸಿ ಮೇಲೆ ನೋಡಿ. ಬೆಳಕು ಕಾಣುವ ಜಾಗ, ಮರದ ಮೇಲಿನ ಕಪ್ಪು ಗೆರೆ, ಇವೆರಡೂ ಗುರುತು. ಹಾಗೂ ಸಿಗದಿದ್ದರೆ ಪೈಪಿನಲ್ಲಿ ಕೆಳಗಿನ ಸಾಲಿನಿಂದ ಶುರು ಮಾಡಿ ಮೇಲಕ್ಕೆ ನೀರು ಬಿಡುತ್ತಾ ಹೋಗಬೇಕು.

ಒಡೆದ ಹಂಚು

ಮಂಗಳೂರು ಹಂಚು ರೀಪಿಗೆ ನೇತುಹಾಕಿಕೊಂಡು, ಪಕ್ಕದ ಹಂಚಿನ ಜೊತೆ ಲಾಕ್ ಆಗಿ ಕೂರುತ್ತದೆ. ಬಾಸೆಲ್ ಮಿಷನ್‌ನವರು 19ನೇ ಶತಮಾನದಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಈ ಹಂಚನ್ನು ಆಮೇಲೆ ಎಷ್ಟೋ ಕಾರ್ಖಾನೆಗಳು ತಯಾರಿಸಿದವು. ಎಲ್ಲದರ ಅಳತೆ ಒಂದೇ ಅಲ್ಲ. ಹಾಗಾಗಿ ಒಡೆದ ಹಂಚನ್ನು ತಿರುಗಿಸಿ ಹಿಂದಿರುವ ಕಾರ್ಖಾನೆಯ ಹೆಸರು ನೋಡಿ, ಅದೇ ಅಚ್ಚಿನದ್ದನ್ನು ಹಳೆ ಮನೆ ಕೆಡವಿದ ಸಾಮಾನು ಮಾರುವಲ್ಲಿ ಹುಡುಕಬೇಕು. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಎಂದು ಲೆಕ್ಕ ಹಾಕಿ, ಸ್ವಲ್ಪ ಹೆಚ್ಚು ತಂದಿಡುವುದು ಒಳ್ಳೆಯದು.

ಬಿರುಕಿಗೆ ಸಿಮೆಂಟ್ ಮೆತ್ತುವುದು ಹೆಚ್ಚಿನವರು ಮಾಡುವ ಕೆಲಸ. ಬಿಸಿಲಿಗೆ ಹಂಚು ಮತ್ತು ಸಿಮೆಂಟ್ ಒಂದೇ ರೀತಿ ಹಿಗ್ಗುವುದಿಲ್ಲ, ಹಾಗಾಗಿ ಅದು ಬೇಗ ಬಿಡುತ್ತದೆ. ಸಣ್ಣ ಬಿರುಕಾದರೆ ಧೂಳು ಒರೆಸಿ, ಪೂರ್ತಿ ಒಣಗಿದ ಮೇಲೆ ಬಿಟುಮೆನ್ ಟೇಪ್ ಅಂಟಿಸಬಹುದು. ಅದೂ ಆ ಸೀಸನ್‌ಗೆ ಮಾತ್ರ.

ಟಾರ್ಪಾಲು ಹಾಕುವ ಕ್ರಮ

ಟಾರ್ಪಾಲನ್ನು ಸೋರುವ ಜಾಗಕ್ಕೆ ಮಾತ್ರ ಹಾಸಿದರೆ ಮೇಲಿಂದ ಬಂದ ನೀರು ಅದರ ಅಡಿಗೇ ನುಗ್ಗುತ್ತದೆ. ಅದು ಮಾಡಿನ ನೆತ್ತಿಯನ್ನು ದಾಟಿ ಆಚೆ ಬದಿಗೂ ಇಳಿಯಬೇಕು. ಅಂಚನ್ನು ಮರದ ಪಟ್ಟಿಗೆ ಸುತ್ತಿ, ಹಗ್ಗದಿಂದ ಪಕ್ಕಾಸಿಗೆ ಬಿಗಿಯಬೇಕು. ಮೇಲೆ ಕಲ್ಲು ಇಡಬಾರದು, ಗಾಳಿಗೆ ಜಾರಿ ಯಾರದ್ದೋ ತಲೆ ಮೇಲೆ ಬೀಳಬಹುದು.

ಸಿಮೆಂಟ್ ಶೀಟಾದರೆ ಹೆಚ್ಚು ಜಾಗ್ರತೆ

ಹಳೆ ಶೀಟಿನ ಮೇಲೆ ಕಾಲಿಡಲೇಬಾರದು. ನೋಡಲು ಗಟ್ಟಿ ಕಂಡರೂ ಒಮ್ಮೆಲೇ ಮುರಿದು ಜನ ಕೆಳಗೆ ಬಿದ್ದು ಸಾಯುತ್ತಾರೆ. ಅಡಿಯ ಕಬ್ಬಿಣದ ಆಧಾರಗಳ ಮೇಲೆ ಭಾರ ಬೀಳುವ ಹಾಗೆ ಉದ್ದ ಹಲಗೆ ಹಾಕಿ, ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡೇ ಕೆಲಸ ಮಾಡಬೇಕು. ಸೋರಿಕೆ ಹೆಚ್ಚಾಗಿ ಹುಕ್ ಬೋಲ್ಟಿನ ಹತ್ತಿರ ಇರುತ್ತದೆ, ವಾಷರ್ ಬದಲಿಸಿದರೆ ನಿಲ್ಲಬಹುದು. ಹಳೆ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುವುದರಿಂದ ಒಣಗಿದ್ದಾಗ ಕೊರೆಯುವುದು, ಉಜ್ಜುವುದು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ.

ರಿಪೇರಿ ಸಾಕು ಎನ್ನುವುದು ಯಾವಾಗ?

ಪಕ್ಕಾಸಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸುಲಭವಾಗಿ ಒಳಗೆ ಹೋದರೆ ಮರ ಗೆದ್ದಲು ಹಿಡಿದಿದೆ ಅಥವಾ ಕೊಳೆತಿದೆ ಎಂದರ್ಥ. ಮಾಡಿನ ಸಾಲು ನಡುವೆ ಬಗ್ಗಿದ್ದರೂ ಹಾಗೆಯೇ. ಅಂಥ ಮಾಡಿಗೆ ಟಾರ್ಪಾಲು ಹಾಕಿ ಅಡಿಯಲ್ಲಿ ಕೆಲಸದವರನ್ನು ಕೂರಿಸುವುದು ತಪ್ಪು. ಒಂದೇ ಬದಿಗೆ ಒಂದೇ ಸೀಸನ್‌ನಲ್ಲಿ ಮೂರನೇ ಸಲ ಆಳು ಹತ್ತಿಸಬೇಕಾದರೆ, ಕೊಟ್ಟ ಕೂಲಿ ಮತ್ತು ಹಾಳಾದ ಮಾಲನ್ನು ಕೂಡಿಸಿ ನೋಡಬೇಕು. ಹೊಸ ಮಾಡು ಎಷ್ಟು ‘ದುಬಾರಿ’ ಎಂಬುದು ಆಗ ತಿಳಿಯುತ್ತದೆ.

ಖರ್ಚು ಯಾರದ್ದು ಎಂಬುದನ್ನು ಮೊದಲೇ ಬರೆದಿಡಬೇಕು. ತಮಿಳುನಾಡಿನ 2017ರ ಬಾಡಿಗೆ ಕಾಯ್ದೆಯ ಪ್ರಕಾರ ಬಾಡಿಗೆ ಕರಾರು ಲಿಖಿತವಾಗಿಯೇ ಇರಬೇಕು. ಕಟ್ಟಡದ ರಚನೆಗೆ ಸಂಬಂಧಿಸಿದ ರಿಪೇರಿ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರ ಹೊಣೆ. ಆದರೆ ಬಾಯಿಮಾತಿನಲ್ಲಿ ‘ನೀವೇ ಮಾಡಿಸಿ, ಆಮೇಲೆ ನೋಡೋಣ’ ಎಂದರೆ ಆ ದುಡ್ಡು ವಾಪಸ್ ಬರುವುದು ಕಷ್ಟ. ಸೋರುವ ಜಾಗದ ಫೋಟೊ ತೆಗೆದು, ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಬಿಲ್ ಇಟ್ಟುಕೊಂಡು ಆಮೇಲೆ ಏಣಿ ಹತ್ತಿಸಿ.