10 ಲಕ್ಷ ವರ್ಷದಿಂದ ಬೆಂಕಿ ಜೊತೆಗಿದ್ದೀವಿ, ಗ್ಯಾಸ್ ವಾಸನೆ ಬಂದ್ರೆ ಏನು ಮಾಡ್ತೀರಿ?

ತುಮಕೂರು ರಸ್ತೆಯ ಟ್ರಾಫಿಕ್‌ನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತಿದ್ದೀರಾ? ಹಾಗಾದ್ರೆ ಇವತ್ತಿನ ವಿಷಯ ನಿಮ್ಮ ಪಕ್ಕದ್ದೇ.

2025ರ ಮೇ 1. ಮಾದನಾಯಕನಹಳ್ಳಿ ಠಾಣೆ ವ್ಯಾಪ್ತಿಯ ಅಡಕಮಾರನಹಳ್ಳಿಯ ಒಂದು ಮನೆ. ಸಿಲಿಂಡರ್‌ನಿಂದ ಗ್ಯಾಸ್ ಸೋರಿ ಬೆಂಕಿ ಹತ್ತಿಕೊಂಡಿತು. ಇಬ್ಬರು ತೀರಿಕೊಂಡರು. ಅವರಲ್ಲಿ ಒಬ್ಬರು ಆ ಮನೆಯವರೇ ಅಲ್ಲ, ಸಹಾಯಕ್ಕೆ ಓಡಿ ಬಂದ ನೆರೆಮನೆಯವರು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಸ್ವಲ್ಪ ಅಂದ್ರೆ, 10 ಲಕ್ಷ ವರ್ಷ! ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗುಹೆಯಲ್ಲಿ ಅಷ್ಟು ಹಳೆಯ ಗಿಡದ ಬೂದಿ, ಸುಟ್ಟ ಮೂಳೆಯ ಚೂರು ಸಿಕ್ಕಿವೆ. ಬೆಂಕಿ ಬಂದ ಮೇಲೆ ಮನುಷ್ಯನ ಬದುಕೇ ಬದಲಾಯ್ತು. ಚಳಿಗೆ ಶಾಖ, ರಾತ್ರಿಗೆ ಬೆಳಕು, ಕಾಡುಪ್ರಾಣಿಗಳಿಂದ ರಕ್ಷಣೆ. ಬೇಯಿಸಿದ ಆಹಾರದಿಂದ ಹೆಚ್ಚು ಶಕ್ತಿ ಸಿಕ್ಕಿದ್ದರಿಂದಲೇ ನಮ್ಮ ಮೆದುಳು ಇಷ್ಟು ದೊಡ್ಡದಾಯ್ತು ಅಂತ ವಿಜ್ಞಾನಿ ರಿಚರ್ಡ್ ರಾಂಗಮ್ ವಾದಿಸ್ತಾರೆ.

ಆದರೆ ಬೆಂಕಿ ಸಿಕ್ಕರೆ ಸಾಕಾಗಲ್ಲ. ಅದಕ್ಕೊಂದು ಜಾಗ ಬೇಕು, ಕಾಯೋಕೆ ಒಬ್ಬರು ಬೇಕು. ಬಳ್ಳಾರಿ ಹತ್ತಿರದ ಕುಡತಿನಿಯಲ್ಲಿ ಒಂದು ಬೂದಿದಿಬ್ಬ ಇದೆ. ನವಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಹಾಕಿ, ಮತ್ತೆ ಮತ್ತೆ ಸುಟ್ಟು ಆದ ದಿಬ್ಬ ಅದು. ಎಲ್ಲೆಂದರಲ್ಲಿ ಅಲ್ಲ, ಒಂದೇ ಜಾಗದಲ್ಲಿ. ನಮ್ಮ ಅಜ್ಜಿಯರ ಮೂರು ಕಲ್ಲಿನ ಒಲೆಯ ಲೆಕ್ಕವೂ ಅದೇ.

ಸೌದೆ ಒಲೆಯಲ್ಲಿ ಹೊಗೆ, ಕಿಡಿ ಕಣ್ಣಿಗೆ ಕಾಣುತ್ತೆ. ಎಲ್‌ಪಿಜಿ ಕಾಣಲ್ಲ. ಅದು ಗಾಳಿಗಿಂತ ಭಾರ, ಸೋರಿದ್ರೆ ನೆಲಮಟ್ಟದಲ್ಲೇ ಹರಡುತ್ತೆ. ಗಾಳಿಯಲ್ಲಿ ಶೇಕಡಾ 2ರಷ್ಟು ಬೆರೆತರೂ ಹೊತ್ತಿಕೊಳ್ಳಬಹುದು. ಅದಕ್ಕೆ ಸ್ವಂತ ವಾಸನೆಯೂ ಇಲ್ಲ. ನಮಗೆ ಗೊತ್ತಾಗಲಿ ಅಂತಲೇ ಮರ್ಕ್ಯಾಪ್ಟಾನ್ ಅನ್ನೋ ರಾಸಾಯನಿಕ ಸೇರಿಸ್ತಾರೆ. ಅಂದ್ರೆ, ಆ ಕೆಟ್ಟ ವಾಸನೆಯೇ ನಮ್ಮ ಕಾವಲುಗಾರ.

ಹಾಗಾದ್ರೆ ವಾಸನೆ ಬಂದ ತಕ್ಷಣ ಏನು ಮಾಡ್ಬೇಕು? ಸ್ವಿಚ್ ಮುಟ್ಟಬೇಡಿ. ಆನ್ ಮಾಡೋದಷ್ಟೇ ಅಲ್ಲ, ಆಫ್ ಮಾಡಿದ್ರೂ ಕಿಡಿ ಹಾರಬಹುದು. ದೇವರ ದೀಪ, ಊದುಬತ್ತಿ ಹಚ್ಚಬೇಡಿ. ರೆಗ್ಯುಲೇಟರ್ ಆಫ್ ಮಾಡಿ. ಬಾಗಿಲು, ಕಿಟಕಿ ತೆಗೆದು ಎಲ್ಲರೂ ಹೊರಗೆ ಬನ್ನಿ. ಫೋನ್ ಕೂಡ ಹೊರಗೆ ಬಂದ ಮೇಲೆಯೇ. ಗ್ಯಾಸ್ ಸೋರಿಕೆಗೆ 1906, ಬೆಂಕಿ ಬಿದ್ದಿದ್ರೆ 101 ಅಥವಾ 112.

ಹೊಸ ಸಿಲಿಂಡರ್ ಹಾಕಿದಾಗ ಜೋಡಣೆ ಇರೋ ಕಡೆ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರ್ತಿದೆ ಅಂತ ಅರ್ಥ. ಕಡ್ಡಿ ಗೀರಿ ಪರೀಕ್ಷೆ ಮಾಡೋಕೆ ಹೋಗಲೇಬೇಡಿ. ರಬ್ಬರ್ ಪೈಪ್‌ ಮೇಲೆ ಅವಧಿ ಬರೆದಿರುತ್ತೆ, ಅದು ಮುಗಿದಿದ್ರೆ ಬದಲಿಸಿ.

ಪೀಣ್ಯ, ಮಾದನಾಯಕನಹಳ್ಳಿ ಕಡೆಯ ವಠಾರಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತೆ. ನಿಮ್ಮ ಮನೆಯಲ್ಲಿ ಕಿರುಚಿದ್ರೆ ಮೊದಲು ಓಡಿ ಬರೋರು ಪಕ್ಕದ ಮನೆಯವರು. ಅವರನ್ನ ಒಳಗೆ ಕರೀಬೇಡಿ, ನೀವೇ ಹೊರಗೆ ಬಂದು ಅವರನ್ನೂ ಎಚ್ಚರಿಸಿ. ಬೆಂಕಿ ಬಿದ್ದಾಗ ಬಾವಿ ತೋಡಬಾರದು ಅಂತಾರಲ್ಲ, ಇವತ್ತು ಮನೆಗೆ ಹೋದ ತಕ್ಷಣ ಆ ಪೈಪ್ ಒಂದ್ಸಲ ನೋಡಿ.